ಅಟ್ಟದ ಬಾಗಿಲು

ಐದು ಚೌಕ ಬರೆದೆ, ನಡುವೆ ಬಾಣಗಳು.
ರಕ್ತ, ಯಕೃತ್ತು, ಮೂತ್ರಪಿಂಡ, ಕೊಬ್ಬು, ಕೆಚ್ಚಲು.
ಹಾಸನದ ಪಶುವೈದ್ಯ ಕಾಲೇಜಿನ ಎರಡನೇ ಮಹಡಿಯಲ್ಲಿ
ಹಸುವೊಂದು ಹೀಗೆ ಪರದೆಯ ಮೇಲೆ ನಿಂತಿತ್ತು:
ಬಾಲವಿಲ್ಲ, ಕೊಂಬಿಲ್ಲ, ಗಂಜಲದ ವಾಸನೆಯಿಲ್ಲ,
ತೂಕ ಮಾತ್ರ ಮುನ್ನೂರೆಂಬತ್ತು ಕಿಲೋ,
ಇವತ್ತೂ ಅಷ್ಟೇ, ಇನ್ನೂರು ದಿನ ಬಿಟ್ಟೂ ಅಷ್ಟೇ.

ವಿದ್ಯಾರ್ಥಿಗಳಿಗೆ ಹೇಳುವಾಗ ಮನೆ ಅನ್ನುತ್ತೇನೆ.
ರಕ್ತವೇ ಪಡಸಾಲೆ, ಬಂದವರೆಲ್ಲ ಅಲ್ಲಿಂದಲೇ ಹಾಯಬೇಕು.
ಯಕೃತ್ತು ಅಡುಗೆಮನೆ:
ಹೆಚ್ಚಿ, ಕುದಿಸಿ, ಬೇರೆಯದೇ ಮಾಡಿಬಿಡುತ್ತದೆ.
ಮೂತ್ರಪಿಂಡ ಬಚ್ಚಲು.
ಕೊಬ್ಬು ಅಟ್ಟ.
ಅಟ್ಟಕ್ಕೆ ಹಾಕಿದ್ದು ಗೊತ್ತಲ್ಲ,
ಮುರಿದ ತೊಟ್ಟಿಲು, ತೂತು ಹಂಡೆ, ಯಾರದೋ ಟ್ರಂಕು,
ಇಳಿಸೋಣ ಇಳಿಸೋಣ ಅನ್ನುತ್ತಲೇ ಒಂದು ತಲೆಮಾರು ಕಳೆಯುತ್ತದೆ.
ಕೆಚ್ಚಲು ಬೀದಿಬಾಗಿಲು.
ಅಲ್ಲಿಂದ ಹೊರಟದ್ದು ಆರೂಕಾಲಿಗೆ ಡೇರಿ ಕ್ಯಾನಿನಲ್ಲಿರುತ್ತದೆ.

ದುದ್ದದ ಆಚೆ ದ್ಯಾವೀರಮ್ಮನ ಹಸು, ಮಚ್ಚೆ.
ಬಿತ್ತನೆ ಆಲೂಗಡ್ಡೆಗೆ ಹುಳ ಬೀಳದಿರಲೆಂದು
ಮಾವನ ಕಾಲದ ತಗಡಿನ ಡಬ್ಬದಿಂದ ಉದುರಿಸಿದ್ದು,
ಅಂಗಡಿಯಲ್ಲಿ ಈಗ ಸಿಗದ ಬಿಳಿ ಪುಡಿ.
ಮೇಲೆ ಹೊದಿಸಿದ ಹುಲ್ಲು ದಂಡವಾಗಬಾರದಲ್ಲ,
ಗೋದಲಿಗೆ ಬಿತ್ತು. ಎಂಟು ದಿನ.
ಡಬ್ಬವನ್ನೂ ಮಿಕ್ಕ ಹುಲ್ಲನ್ನೂ ಮೂಟೆ ಕಟ್ಟಿ ತಂದೆವು.
ಗಬ್ಬದ ಹಸು. ಕರು ಹಾಕುವ ಹೊತ್ತಿಗೆ
ಎಲ್ಲ ಮಿತಿಯ ಕೆಳಗೆ, ಅಂದಿತು ನನ್ನ ಗೆರೆ.
ಜಾರುಬಂಡೆಯ ಹಾಗೆ ಇಳಿದಿತ್ತು, ನಯವಾಗಿ.
ನಾನೂ ಹಾಗೇ ಹೇಳಿಬಂದೆ.

ಕರು ಹಾಕಿದ ಮೂರನೇ ವಾರ
ಹಾಲಿನ ಚುಕ್ಕಿಗಳು ಗೆರೆ ಬಿಟ್ಟು ಮೇಲೆದ್ದವು.
ಶೀಶೆ ಸರಿಯಾಗಿ ತೊಳೆದಿಲ್ಲವೆಂದು ನದೀಮನ ಮೇಲೆ ರೇಗಿದೆ.
ಅವನು ಮಾತಾಡದೆ ಮತ್ತೆ ತೊಳೆದ, ಮತ್ತೆ ಹಾಕಿದ.
ಚುಕ್ಕಿಗಳು ಅಲ್ಲೇ ಇದ್ದವು.
ಮಾರನೇ ದಿನ ಬಸ್ಸು ಹತ್ತಿ ಹೋಗಿ, ನಾಚಿಕೆಯಿಲ್ಲದೆ,
ಇನ್ನೊಂದು ಡಬ್ಬ ಇದೆಯಾ ಅಂತ ಕೇಳಿದೆ.

ದ್ಯಾವೀರಮ್ಮ ಸೊಂಟದ ಕೀಲಿಗೊಂಚಲು ತೆಗೆದು ಕೈಗಿಟ್ಟಳು.
ನೋಡ್ಕಳಿ.
ರಾಗಿ, ಹಗ್ಗ, ಸೀಮೆಎಣ್ಣೆ, ಒಂದು ಒಡೆದ ಕನ್ನಡಿ. ಡಬ್ಬವಿರಲಿಲ್ಲ.
ಆಮೇಲೆ ಕೊಟ್ಟಿಗೆಗೆ ಕರೆದೊಯ್ದು ಮಚ್ಚೆಯ ಪಕ್ಕೆಲುಬಿನ ಮೇಲೆ
ಬೆರಳು ಎಳೆದಳು, ಹಾರ್ಮೋನಿಯಂ ಮನೆಗಳ ಮೇಲೆ ಎಳೆದಂತೆ.
ಈದಾಗಿಂದ ಮೇವು ಮೂಸಲ್ಲ ಕಣವ್ವ.
ಹಾಲು ಮಾತ್ರ ಒಂದು ಲೋಟನೂ ಕಮ್ಮಿ ಮಾಡಿಲ್ಲ.
ಎಲ್ಲಿಂದ ತಂದು ಕೊಡ್ತದೆ, ತನ್ನ ಮೈಯಿಂದ್ಲೇ ತಾನೆ?

ಎದೆಸುತ್ತಿಗೆ ಟೇಪು ಹಿಡಿದೆ.
ನಲವತ್ತೆರಡು ಕಿಲೋ ಇಳಿದಿತ್ತು.

ಹಿಂದಿರುಗಿ ಬರುವಾಗ ಬಸ್ಸಿನಲ್ಲಿ ನೆನಪಾಯಿತು ಹದಿನಾಲ್ಕನೇ ಪುಟ:
ತೂಕ ಸ್ಥಿರವೆಂದು ಭಾವಿಸಲಾಗಿದೆ.
ಭಾವಿಸಿದ್ದು ಯಾರು ಎಂದು ಆ ವಾಕ್ಯ ಹೇಳುವುದಿಲ್ಲ,
ಕರ್ತರಿಯನ್ನು ಹಿತ್ತಿಲಲ್ಲಿ ಬಚ್ಚಿಟ್ಟು ಬಂದ ವಾಕ್ಯ.
ನನಗೆ ಮಗಳು ಹುಟ್ಟಿದ ವರ್ಷ
ನಾನು ಹನ್ನೊಂದು ಕಿಲೋ ಇಳಿದಿದ್ದೆ.
ಚೆನ್ನಾಗಿ ಕಾಣ್ತೀಯ ಅಂದಿದ್ದರು ಎಲ್ಲರೂ.

ರಾತ್ರಿ ಅಟ್ಟದಿಂದ ಪಡಸಾಲೆಗೆ ಒಂದು ಬಾಣ ಬರೆದೆ.
ಹಸಿದರೆ ತೆರೆಯುವ ಬಾಗಿಲು.
ಗೆರೆ ಮೊದಲು ಇಳಿಯಿತು, ಆಮೇಲೆ ಗೂನುಬೆನ್ನಿನ ಮುದುಕಿಯಂತೆ ಏರಿ
ಚುಕ್ಕಿಗಳ ಪಕ್ಕದಲ್ಲೇ ನಡೆಯಿತು.
ಎರಡು ಚುಕ್ಕಿ ಇನ್ನೂ ಸಿಕ್ಕಿಲ್ಲ.
ಅವನ್ನು ಅಳಿಸಿಲ್ಲ.

ಫೋನಿನಲ್ಲಿ ಹೇಳಿದೆ, ಇನ್ನೂ ಎಂಟು ವಾರ ಹಾಲು ಹಾಕಬೇಡಿ,
ಹಸುವಿಗೆ ಹಿಂಡಿ ನಾವು ಕಳಿಸುತ್ತೇವೆ, ಒಣಗಲು ಬಿಡಬೇಡಿ.
ಆಚೆ ಕಡೆ ಸ್ವಲ್ಪ ಹೊತ್ತು ಬರೀ ನೊಣದ ಸದ್ದು.
ಡೇರಿಗೆ ಬ್ಯಾಡ, ಸರಿ ಕಣವ್ವ, ಅಂದಳು ದ್ಯಾವೀರಮ್ಮ.
ಕರುಗೆ?

ಪರದೆಯ ಮೇಲೆ ಐದು ಚೌಕ.
ಬೀದಿಬಾಗಿಲಿನಿಂದ ಹೊರಟ ಬಾಣ
ಬಿಳಿ ಜಾಗದಲ್ಲಿ ಬಾಯಿ ತೆರೆದು ನಿಂತಿತ್ತು.