ಮೂರನೇ ಗೇಟಿನ ವಹಿ

ಗಿಣಿಗೇರಿ ದಾಟಿ, ಹಳಿ ದಾಟಿ, ಬೂದಿ ಲಾರಿಗಳ ಹಿಂದೆ
ನಸುಕಿನ ನಾಕೂಮುಕ್ಕಾಲಿಗೆ ಹಾಲಿನ ಗಾಡಿಯಿಂದ
ನಾವು ಮೂವರು ಇಳಿಯುತ್ತೇವೆ:
ಹೊಲಿಗೆ ಮಷೀನಿಗೆ ಮುಸುಕು ಹೊದಿಸಿ ಬಂದ ಪೀರಾಂಬಿ,
ಮೊಣಕಾಲಿಗೆ ಪಟ್ಟಿ ಸುತ್ತಿದ ಹಳೇ ನರ್ಸು ನೀಲಕ್ಕ,
ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ
ಠಸ್ಸೆ ಒತ್ತಿ ಒತ್ತಿ ಬಲಗೈ ದಪ್ಪಗಾದ ನಾನು.

ಈ ಕೆಲಸ ನಮಗೆ ಯಾರೂ ಹೇಳಿಲ್ಲ.
ಕೆಂಪು ಬಟ್ಟೆಯ ಉದ್ದನೆ ವಹಿ, ದಾರ ಕಟ್ಟಿದ ಪೆನ್ನು.
ಬರೆಯುವುದು ಇಷ್ಟೆ:
ಗೇಟು ತೆರೆದದ್ದು ಐದೂ ಇಪ್ಪತ್ತಕ್ಕೆ.
ಸಾಲಿನಲ್ಲಿ ಸುಮಾರು ನಾನೂರು.
ಮಷೀನು ಎರಡು, ಕೆಟ್ಟದ್ದು ಒಂದು.
ವಾಪಸು ಕಳಿಸಿದ್ದು ಹನ್ನೊಂದು ಮಂದಿ. ಕಾರಣ:
ಆ ಕಾಲಂ ಒಂದೊಂದು ದಿನ ಅಗಲ ಸಾಲದು,
ಉಳಿದ ದಿನ ಪೂರಾ ಖಾಲಿ.

ಯಮನೂರಪ್ಪನ ಹೆಬ್ಬೆಟ್ಟು ಹತ್ತಲಿಲ್ಲ.
ಆರು ವರ್ಷ ಕಾದ ಸರಳು ಎಳೆದ ಕೈ;
ಗೆರೆಗಳೆಲ್ಲ ಒಳಗೇ ಉಳಿದಿವೆ, ಕುಲುಮೆಯ ಬಾಯಲ್ಲಿ.
“ತೊಳಕೊಂಡು ಬಾ” ಅಂದರು.
ತೊಳೆದ. ಒರೆಸಿದ. ತಲೆಗೂದಲಿಗೆ ತಿಕ್ಕಿದ.
ಕೆಂಪು ದೀಪ ಕೆಂಪಾಗಿಯೇ ಉರಿಯಿತು.
“ನಾನಽ ನಾನು ಅಂತ
ಯಾರ ಕಡಿಂದ ಬರಿಸ್ಕೊಂಡ ಬರಲ್ರೀ ಅಕ್ಕಾರ?”

ಒಡಿಶಾದ ಬಿರಂಚಿಗೆ ಠಾಣೆಯ ಪತ್ರ ಬೇಕು.
ಠಾಣೆಯವರಿಗೆ ಅವನ ಊರಿನ ಪತ್ರ ಬೇಕು.
ಊರಿನವರಿಗೆ ಬಿರಂಚಿಯೇ ಎದುರು ಬೇಕು.
ಹೋಗಿ ಬರಲು ಎಂಟು ದಿನ; ಎಂಟು ದಿನ ತಪ್ಪಿದರೆ
ಪಾಸು ತಾನಾಗಿಯೇ ಸಾಯುತ್ತದೆ.
ನೀಲಕ್ಕ ಇದನ್ನೆಲ್ಲ ಮುರುಕು ಹಿಂದಿಯಲ್ಲಿ ಬಿಡಿಸಿ ಹೇಳುತ್ತಿದ್ದರೆ
ಅವನು ತಲೆಯಾಡಿಸುತ್ತಲೇ ಬುತ್ತಿ ಡಬ್ಬಿ ತೆರೆದ.
ಮಧ್ಯಾಹ್ನದ ಊಟ, ಬೆಳಗಿನ ಆರಕ್ಕೆ.

ಗವಿಸಿದ್ದಪ್ಪನ ಹೆಸರು ಕಪ್ಪು ಪಟ್ಟಿಯಲ್ಲಿದೆಯಂತೆ.
ಪಟ್ಟಿ ನೋಡಿದವರಿಲ್ಲ.
ಒಳಗೆ, ಲಾರಿ ತೂಗುವ ಕಟ್ಟೆಯ ಕೆಳಗೆ,
ಅಪ್ಪ ಇವನಿಗೆ ಈಜು ಕಲಿಸಿದ ಬಾವಿ ಇತ್ತು.
“ನಮ್ಮ ಬಾವಿಗಿ ಹೋಗಾಕ
ಫೋಟೋ ಹಚ್ಚಿದ ಚೀಟಿ ಬೇಕಂತ್ರಿ” ಎಂದು ನಕ್ಕ.
ನಗುವಿಗೆ ಕಾಲಂ ಇಲ್ಲ; ಅಂಚಿನಲ್ಲಿ ಬರೆದೆ.

ಸುಳ್ಳು ಹೇಳಬಾರದು. ನಮ್ಮಿಂದ ಆದದ್ದು:
ಸಾಲಿಗೆ ತಗಡಿನ ನೆರಳು. ಒಂದು ನೀರಿನ ಡ್ರಮ್ಮು.
ನಾವಿರುವಷ್ಟು ಹೊತ್ತು ಕಾವಲಿನವರು ಏಕವಚನ ಬಿಟ್ಟರು.
“ಹೋಗಲೇ” ಅನ್ನುತ್ತಿದ್ದವರು “ಹೋಗ್ರಿ” ಅನ್ನುತ್ತಾರೆ.
ಹೋಗುವುದಂತೂ ತಪ್ಪಿಲ್ಲ.
ಮರಳುವ ಬಸ್ಸಿನಲ್ಲಿ ಪೀರಾಂಬಿ ಕೇಳಿದಳು:
“ನಾವು ಮಂದಿ ಕಡೀಗಿ ನಿಂತೀವೋ,
ಗೇಟಿಗೆ ಬಣ್ಣ ಹಚ್ಚಾಕತ್ತೀವೋ?”
ಗವಿಮಠದ ಗುಡ್ಡ ಕಾಣುವ ತನಕ
ಮೂವರೂ ಕಿಟಕಿಯಾಚೆ ನೋಡಿದೆವು.

ಹೋದ ವಾರ ನನಗೆ ಜ್ವರ,
ನೀಲಕ್ಕನಿಗೆ ಮಗಳ ಬಾಣಂತನ,
ಪೀರಾಂಬಿಗೆ ಹಬ್ಬಕ್ಕೆ ಕೊಡಬೇಕಾದ ನಲವತ್ತು ಕುರ್ತಾ.
ಎರಡು ದಿನ ಯಾರೂ ಹೋಗಲಿಲ್ಲ.
ಮೂರನೆಯ ದಿನ ಯಮನೂರಪ್ಪ ಜೇಬಿನಿಂದ
ಬೀಡಿ ಕಟ್ಟಿನ ಕಾಗದ ತೆಗೆದು ಬಿಡಿಸಿದ.
ಒಳಮೈಯಲ್ಲಿ ಪೆನ್ಸಿಲ್ಲು, ಒಂದರ ಮೇಲೊಂದು ಬಿದ್ದ ಅಕ್ಷರ:

ಮಂಗಳಾರ. ಗೇಟು ಆರಕ್ಕ. ವಾಪಸು ಹದಿನಾಕು.
ಬುಧವಾರ. ಗೇಟು ಐದೂವರಿಗಿ. ವಾಪಸು ಒಂಬತ್ತು, ನಾನು ಹಿಡಿದು.
ಅಕ್ಕಾರು ಬಂದಿಲ್ಲ. ಕಾರಣ

ಅಲ್ಲಿಗೇ ನಿಲ್ಲಿಸಿದ್ದ. ಮುಂದೆ ಜಾಗವಿತ್ತು.

ಅದನ್ನು ಹಾಗೆಯೇ ವಹಿಗೆ ಅಂಟಿಸಿ
ಹೆಬ್ಬೆಟ್ಟಿನಿಂದ ಒತ್ತಿ ಹಿಡಿದೆ. ಕೈ ತೆಗೆದಾಗ
ಹೊರಚೆಲ್ಲಿದ ಗೋಂದಿನಲ್ಲಿ
ನನ್ನ ಗೆರೆಗಳು, ಒಂದೂ ಬಿಡದೆ.