ಆರುನೂರ ಹನ್ನೊಂದು

ಬಂದರಿನ ಧಕ್ಕೆಯಿಂದ ಬೆಂಗ್ರೆಗೆ ಆರು ನಿಮಿಷ,
ಇಳಿತದ ಹೊತ್ತಾದರೆ ಏಳು.
ಫೆರಿಯಲ್ಲಿ ಟಿಕೆಟು ಹರಿಯುವವ ನಾನು.
ಮೊದಲು ಬೋಟಿಗೆ ಹೋಗುತ್ತಿದ್ದೆ,
ಮೊಣಗಂಟು ಒಪ್ಪಲಿಲ್ಲ.

ಕಸಬಾ ಬೆಂಗ್ರೆಯ ಮಿಸ್ರಿಯಾ, ತೋಟ ಬೆಂಗ್ರೆಯ ಹರ್ಷಿಣಿ,
ಸೆಕೆಂಡ್ ಪಿಯುಸಿ, ಕಾಮರ್ಸು.
ಮೊದಲು ಹತ್ತಿದವಳು ಇಬ್ಬರದ್ದೂ ಕೊಡುವುದು
ಅವರೊಳಗಿನ ಕಾನೂನು.
ಆಮೇಲೆ ಎಂಜಿನಿನ ಬದಿಯ ಹಲಗೆಯಲ್ಲಿ
ಭುಜಕ್ಕೆ ಭುಜ ತಾಗಿಸಿ ಕೂತು
ಫೋನಿನಲ್ಲಿ ಒಬ್ಬಳು ಇನ್ನೊಬ್ಬಳಿಗೆ ಫೋಟೊ ಕಳಿಸುವುದು.
ಪಕ್ಕದಲ್ಲೇ ಕೂತು!

ಒಮ್ಮೆ ಇಣುಕಿದೆ. ಚಪ್ಪಲಿಯ ತುದಿ. ಅರ್ಧ ಹಣೆ.
ಇನ್ನೊಂದರಲ್ಲಿ ಬರೀ ಕತ್ತಲೆ.
‘ಇದರಲ್ಲಿ ಎಂತ ಉಂಟು ಮಾರಾಯ್ತಿ?’
‘ಎಂತ ಇಲ್ಲ ಅಂಕಲ್.
ದಿನಕ್ಕೊಂದು ಹೋಗಬೇಕು, ಒಂದು ಬರಬೇಕು,
ತಪ್ಪಿದರೆ ಬೆಂಕಿ ನಂದುತ್ತದೆ.’
ಹೆಸರಿನ ಪಕ್ಕ ಸಾಸಿವೆಯಷ್ಟು ಬೆಂಕಿ,
ಅದರ ಪಕ್ಕ ಐನೂರ ನಲವತ್ತು.

ಪರೀಕ್ಷೆ ಬಂತೆಂದು ಹರ್ಷಿಣಿಯ ಅಪ್ಪ
ಅವಳ ಫೋನನ್ನು ಗೋದ್ರೇಜಿನೊಳಗಿಟ್ಟು ಬೀಗ ಹಾಕಿದ.
ಪಾಸ್‌ವರ್ಡು ಮಿಸ್ರಿಯಾಳ ಹತ್ತಿರ ಇತ್ತು.
ಒಂದು ತಿಂಗಳು, ಮನೆಯವರೆಲ್ಲ ಮಲಗಿದ ಮೇಲೆ,
ತನ್ನ ಹೆಸರಿನಿಂದ ಅವಳಿಗೆ ಕಳಿಸಿ
ಅವಳ ಹೆಸರಿನಿಂದ ತನಗೆ ಕಳಿಸಿಕೊಂಡಳು.
ಎರಡರಲ್ಲೂ ಅದೇ ಫ್ಯಾನು, ಅದೇ ಮಾಡಿನ ಶೀಟು.

ನಗಬೇಕೆಂದಿದ್ದೆ. ನಗು ಬರಲಿಲ್ಲ.
ರತ್ನಗಿರಿಯ ಆಚೆ ಹನ್ನೊಂದು ದಿನ ಕಡಲಲ್ಲಿದ್ದಾಗ
ಸಂಜೆ ಸಂಜೆ ವಯರ್‌ಲೆಸ್ಸು ಹಿಡಿದು
ಬೇರೆ ಬೋಟಿನ ಮೊಯ್ದಿನನನ್ನು ಕೇಳುತ್ತಿದ್ದೆ: ಊಟ ಆಯಿತಾ?
ಆಯಿತು, ನಿನ್ನದು?
ಅಷ್ಟೇ. ಅಷ್ಟಕ್ಕೆ ನಿದ್ದೆ ಬರುತ್ತಿತ್ತು.

ಮತ್ತೆ ಯಾವುದೋ ಊರಲ್ಲಿ ಯಾರೋ ಯಾರನ್ನೋ ಕಡಿದರು.
ಜಿಲ್ಲೆಗೇ ನೆಟ್ಟು ಬಂದ್, ಎರಡು ದಿನ.
ಎರಡು ಬೆಂಗ್ರೆಗಳ ನಡುವೆ ಒಂದು ಮೈಲಿ ರಸ್ತೆ,
ಕುಂಟಿಕೊಂಡು ಹೋದರೂ ಅರ್ಧ ಗಂಟೆ.
ಹುಡುಗಿಯರು ಹೋಗಲಿಲ್ಲ, ಬಿಡಲಿಲ್ಲ ಮನೆಯವರು.
ಮೊಯ್ದಿನ್ ಅಲ್ಲೇ ಮಸೀದಿಯ ಹಿಂದೆ ಇದ್ದಾನೆ.
ನನ್ನನ್ನು ಯಾರು ತಡೆದಿದ್ದರು?

ಮೂರನೇ ಬೆಳಿಗ್ಗೆ ನೆಟ್ಟು ಬಂದದ್ದೇ ಬಂದದ್ದು
ಏಡಿ ತುಂಬಿದ ಬುಟ್ಟಿಯ ಹಾಗೆ ಫೆರಿ ತುಂಬ ಫೋನುಗಳು ಕರಕರ.
ನನ್ನದಕ್ಕೂ ಬಂತು, ನಲವತ್ತೋ ಐವತ್ತೋ ವಿಡಿಯೊ.
ಒಂದನ್ನು ಪೂರ್ತಿ ನೋಡದೆ
ನಮ್ಮ ಗ್ರೂಪಿಗೆ ದೂಡಿದೆ.
ನನ್ನ ಅಜ್ಜ ಸಾಲದ ಪತ್ರಕ್ಕೆ ಹೀಗೇ ಒತ್ತುತ್ತಿದ್ದ
ಹೆಬ್ಬೆಟ್ಟು. ಓದದೆ.
ಸಂಜೆ ಗೊತ್ತಾಯಿತು, ಅದು ಈ ದೇಶದ್ದೇ ಅಲ್ಲವಂತೆ.
ಅಳಿಸಿದೆ. ನನ್ನ ಫೋನಿನಿಂದ ಹೋಯಿತು.

ಅವತ್ತು ಹರ್ಷಿಣಿ ಮುಂದಿನ ಹಲಗೆಯಲ್ಲಿ,
ಮಿಸ್ರಿಯಾ ಹಿಂದೆ, ಹೆಂಗಸರ ಮೀನುಬುಟ್ಟಿಗಳ ಹತ್ತಿರ.
ಅವಳ ಚಿಲ್ಲರೆ ಅವಳು, ಇವಳ ಚಿಲ್ಲರೆ ಇವಳು.
ಎಷ್ಟಕ್ಕೆ ನಿಂತಿತು ಎಂದು ಮಿಸ್ರಿಯಾಳನ್ನು ಕೇಳಿದೆ.
‘ಆರುನೂರ ಹನ್ನೊಂದು.’
ಸತ್ತವರ ವಯಸ್ಸು ಹೇಳುವ ಹಾಗೆ ಹೇಳಿದಳು.

ಒಂಬತ್ತು ದಿನ ಹಾಗೆ.
ಹತ್ತನೆಯ ದಿನ ಮಿಸ್ರಿಯಾ ಮೊದಲು ಹತ್ತಿದಳು,
ಐವತ್ತರ ನೋಟು ಚಾಚಿ ನೀರು ನೋಡುತ್ತ ನಿಂತಳು.
‘ಎಷ್ಟು?’ ಎಂದೆ. ಮಾತಿಲ್ಲ.
ಅಭ್ಯಾಸವೋ, ಬೇಕೆಂದೋ, ನನ್ನ ಅತಿಬುದ್ಧಿಯೋ,
ಎರಡು ಹರಿದೆ.

ಎರಡನೆಯದನ್ನು ಹರ್ಷಿಣಿಯ ಕೈಗೆ ಕೊಟ್ಟಾಗ
ಅವಳು ಯಾರದ್ದೆಂದು ಕೇಳಲಿಲ್ಲ.
ಅಂಗೈಯಲ್ಲಿಟ್ಟುಕೊಂಡಳು. ಗಾಳಿಗೆ ಅದು ಎದ್ದೆದ್ದು ಬೀಳುತ್ತಿತ್ತು.
ಅಳಿವೆ ಬಾಯಿಯಿಂದ ಟ್ರಾಲರೊಂದು ಒಳಬಂದು
ನಮ್ಮ ಫೆರಿ ಒಮ್ಮೆ ತೊನೆದು ಸಮ ಆಗುವಷ್ಟು ಹೊತ್ತು ನೋಡಿದಳು.
ಆಮೇಲೆ ಫೋನು ಎತ್ತಿ ಟಿಕೆಟಿನದ್ದೊಂದು ಫೋಟೊ.

ಹಿಂದೆ ಯಾರದ್ದೋ ಬ್ಯಾಗಿನೊಳಗೆ ಗುಂಯ್ ಎಂದಿತು.
ಮಿಸ್ರಿಯಾ ಜಿಪ್ಪಿನ ಮೇಲೆ ಕೈಯಿಟ್ಟಳು, ತೆರೆಯಲಿಲ್ಲ,
ಧಕ್ಕೆಗೆ ಫೆರಿ ತಾಗುವವರೆಗೂ.

ಆಮೇಲೆ ಏನಾಯಿತೋ ನಾನು ನೋಡಲಿಲ್ಲ.
ಹಗ್ಗ ಎಸೆಯಬೇಕಿತ್ತು.
ಐವತ್ತರ ಚಿಲ್ಲರೆ ಕೊಡಲು ಬಾಕಿ ಇತ್ತು.