ಏಸಿ ನೀರಿನ ಬಳ್ಳಿ

ಮುಸಫ್ಫಾದ ನಮ್ಮ ಕ್ಯಾಂಪಿನ ಹಿಂದೆ
ಹದಿನೆಂಟು ಏಸಿಗಳು ಹಗಲಿರುಳು ಬೆವರುತ್ತವೆ.
ಆ ಬೆವರಿಗೆ ಬಕೆಟ್ ಹಿಡಿದವನು ಸಿಲ್ಹೆಟ್ಟಿನ ಮೊಫಿಜುಲ್.
ನಾವು ನಕ್ಕೆವು.

ಒಡೆದ ನೀರಿನ ಕ್ಯಾನು, ಸೈಟಿನ ಮರಳು,
ಚಹಾ ಚರಟ, ಬೂತಾಯಿ ತಲೆ, ಮೊಟ್ಟೆಯೋಡು.
ವಾರಗಟ್ಟಲೆ ನಾತ. ಫೋರ್‌ಮನ್ ಎರಡು ಸಲ ಎಸೆಸಿದ,
ಮೂರನೆಯ ಸಲ ಮೆಲ್ಲಗೆ ಕೇಳಿದ:
ಇದರಲ್ಲಿ ಮೆಣಸೂ ಬರುತ್ತದಾ?

ಮೊಫಿಜುಲ್ ಜೇಬಿನಲ್ಲಿ ನಾಲ್ಕು ಕಪ್ಪು ಬೀಜ.
ಪುಯಿ ಶಾಕ್, ಎಂದ.
ಎರಡೆಲೆ ಬಿಟ್ಟ ದಿನ ನಾನು ಗುರುತು ಹಿಡಿದೆ:
ಮಾರಾಯಾ, ಇದು ಬಸಳೆ!
ಹೆಸರಿಗಾಗಿ ಒಂದಿಡೀ ರಾತ್ರಿ ಜಗಳ.
ಬಳ್ಳಿ ಯಾರ ಮಾತೂ ಕೇಳದೆ
ಬೇಲಿಯ ತಂತಿ ಹತ್ತಿತು.

ಏಪ್ರಿಲ್‌ನಿಂದ ಸಂಬಳವಿಲ್ಲ.
ಜೂನಿನಲ್ಲಿ ಮೆಸ್ಸಿನ ಗ್ಯಾಸೂ ನಿಂತಿತು.
ಬೇಕರಿಯ ಅಫ್ಘಾನಿ ಖುಬ್ಬೂಸು ಸಾಲ ಕೊಟ್ಟ,
ಲೆಕ್ಕ ಗೋಡೆಗೆ ಬರೆದ,
ಆಮೇಲೆ ಗೋಡೆಗೇ ಸುಣ್ಣ ಬಳಿದ.
ದಾಸು ಖಾರ್ವಿ ಷಟರಿಂಗ್ ಹಲಗೆ ಸಿಗಿದು ಒಲೆ ಹೂಡಿದ.
ಒಂದು ಕೊಪ್ಪರಿಗೆ, ನಾಲ್ಕು ಹಿಡಿ ಬೇಳೆ,
ಐವತ್ತೆರಡು ತಟ್ಟೆ.

ಏನು ಊಟ, ಎಂದಳು ಮಗಳು ಫೋನಿನಲ್ಲಿ.
ಬಸಳೆ ಸಾರು, ಎಂದೆ.
ಸುಳ್ಳು, ಅಲ್ಲಿ ಮರಳು ಮಾತ್ರ ಇರೋದು,
ನಮ್ಮ ಪುಸ್ತಕದಲ್ಲಿದೆ.

ನಿಜ ಹೇಳಬೇಕೆಂದರೆ ಹೊಟ್ಟೆ ತುಂಬಲಿಲ್ಲ.
ನಲವತ್ತು ದಿನ
ಉಣ್ಣದೆ ಯಾರೂ ತಟ್ಟೆ ತೊಳೆದಿಡಲಿಲ್ಲ, ಅಷ್ಟೆ.

ಬಾಕಿ ಬಂತು. ಕ್ಯಾಂಪು ಚದುರಿತು.
ಬಸ್ಸು ಹತ್ತುವ ಮೊದಲು ಒಬ್ಬೊಬ್ಬರೂ
ಗೇಣುದ್ದ ದಂಟು ಮುರಿದು
ಒದ್ದೆ ಬನಿಯನ್ನಿನಲ್ಲಿ ಸುತ್ತಿಕೊಂಡರು.
ಫೋರ್‌ಮನ್ನೂ.
ನನ್ನದೀಗ ರುವೈಸಿನಲ್ಲಿ, ಏಳನೇ ಬ್ಲಾಕಿನ ಹಿಂದೆ.
ಹೊಸಬರು ನಗುತ್ತಿದ್ದಾರೆ.